ಕಸುಬು ಕೇಳಿದರೆ ಕಸುಬು ಹೇಳಿ

ಬೂಟಿನ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಆ ಬೀದಿಯ ಕಳೆಯೇ ಹೋಗಿತ್ತು. ಹಾಲಿನವನು ಅರ್ಧ ಬೀದಿಗೆ ಬರುವುದನ್ನೇ ಬಿಟ್ಟಿದ್ದ. ಕ್ಷೌರದಂಗಡಿಯಲ್ಲಿ ಹರಟೆಗೆ ಜನ ಇದ್ದರು, ಕ್ಷೌರಕ್ಕೆ ಇರಲಿಲ್ಲ. ಬೂಟು ಕೊಳ್ಳುವವರಿಲ್ಲ ಅಂತ ಮಾಡುವವರಿಗೆ ಕೆಲಸವಿಲ್ಲ. ಅವರಿಗೆ ಕೆಲಸವಿಲ್ಲ ಅಂತ ಅವರು ಏನನ್ನೂ ಕೊಳ್ಳುತ್ತಿಲ್ಲ. ಎಲ್ಲ ಊರಿನಲ್ಲೂ ಇದೇ ಪಾಡು.

ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುತ್ತಿದ್ದವನು ಮಾತ್ರ ದಿನಾ ಬೆಳಿಗ್ಗೆ ಎದ್ದು, ಗಡ್ಡ ಹೆರೆದುಕೊಂಡು, ಮುಚ್ಚಿದ ಗೇಟಿನ ಮುಂದೆ ಹೋಗಿ ನಿಲ್ಲುತ್ತಿದ್ದ. ಕತ್ತರಿಸುವವರಲ್ಲಿ ಒಂದು ಪದ್ಧತಿ. ಯಾರ ಕೈ ಚೆಂದವೋ ಅವನು ಸಾಲಿನಲ್ಲಿ ಮೊದಲು. ಒಂದು ದಿನ ತಪ್ಪಿದರೆ ಹಿಂದಿನವನು ಮುಂದೆ ಬರುತ್ತಾನೆ. ಮೊದಲನೆಯ ಜಾಗ ಇವನದು. ಅದನ್ನು ಹೇಗೆ ಬಿಟ್ಟಾನು? ಬೀಗ ಬಿದ್ದ ಮೇಲೂ ಆ ಸಾಲು ಕದಲಲಿಲ್ಲ. ಬಿಸಿಲೇರುವ ತನಕ ನಿಂತು, ಒಬ್ಬರ ಮುಖ ಒಬ್ಬರು ನೋಡದೆ ಮನೆ ಸೇರುತ್ತಿದ್ದರು.

ಅವತ್ತು ಅವನು ಮನೆಗೆ ಬಂದಾಗ ಹೆಂಡತಿ ಮಗಳ ಫ್ರಾಕುಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು.

"ನಿಮ್ಮಕ್ಕ ಭಾನುವಾರ ಬರ್ತಾರಲ್ಲ," ಅಂದಳು, ತಲೆ ಎತ್ತದೆ.

ಕಾಲ ಸರಿಹೋಗುವವರೆಗೆ ಮಗಳು ಸೋದರತ್ತೆಯ ಮನೆಯಲ್ಲಿರಲಿ ಎಂದು ಗಂಡ ಹೆಂಡಿರು ಮಾತಾಡಿಕೊಂಡಿದ್ದರು. ಅಲ್ಲಾದರೂ ಅವಳಿಗೆ ಹೊಟ್ಟೆತುಂಬ ಸಿಕ್ಕೀತು. ಒಬ್ಬಳೇ ಮಗಳು. ನಿದ್ದೆಯಲ್ಲೂ ಮಾತಾಡುತ್ತಾಳೆ ಅಂತ ಎಲ್ಲರೂ ಅವಳನ್ನು ಗಿಣಿ ಅಂತಲೇ ಕರೆಯುವುದು.

ಅಷ್ಟರಲ್ಲಿ ಪಕ್ಕದ ಮನೆಯ ಹೊಲಿಗೆಯಕ್ಕ ಒಳಗೆ ಬಂದಳು. ಅವಳಿಗೆ ಕಣ್ಣು ಸ್ವಲ್ಪ ಮಂಜು. ಸೂಜಿಗೆ ದಾರ ಪೋಣಿಸಲು ದಿನಾ ಗಿಣಿಯೇ ಆಗಬೇಕು. ಇವತ್ತೂ ಸೂಜಿ ದಾರ ಅವಳ ಕೈಗಿಟ್ಟಳು.

"ಇದೇನು, ಎಲ್ಲಿಗೆ ಪ್ರಯಾಣ?"

ಹೆಂಡತಿ ವಿಷಯ ಹೇಳಿದಳು.

"ಮಗೂನ ಕಳಿಸ್ತೀರಾ? ಬೀದಿ ಕೊನೇಲಿ ಸರ್ಕಾರದವರು ಕೆಲಸಕ್ಕೆ ಬನ್ನಿ ಬನ್ನಿ ಅಂತ ಹೆಸರು ಬರ್ಕೋತಾ ಕೂತಿದಾರೆ. ಈ ಮಹರಾಯ ಹೋಗಿ ಬೀಗಕ್ಕೆ ಕಾವಲು ನಿಲ್ತಾನೆ!"

"ನನ್ನ ಕೈಕಾಲು ಇನ್ನೂ ಗಟ್ಟಿ ಇದೆ ಅಕ್ಕಾ," ಅಂದ ಅವನು. "ಸರ್ಕಾರದ ಮುಂದೆ ಕೈ ಚಾಚೋಕೆ ಮನಸ್ಸು ಒಪ್ಪಲ್ಲ."

"ಕೈ ಚಾಚೋದಾ? ಬೆಳಗ್ಗೆಯಿಂದ ಆಸ್ಪತ್ರೆಗೆ ಹೊದಿಕೆ ಹೊಲಿದು ಬಂದಿದೀನಿ. ಅದು ಪುಕ್ಕಟೆ ಕೂಲಿ ಅನ್ನೋನು ಬಂದು ನನ್ನ ಸೊಂಟನ ಒಂದು ಮಾತು ಕೇಳಲಿ!"

ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು.

"ನಗಬೇಡ, ಕೇಳು. ರಸ್ತೆ, ಮೋರಿ, ಶಾಲೆ ಛಾವಣಿ... ಊರಲ್ಲಿ ಆಗಬೇಕಾದ ಕೆಲಸ ಎಷ್ಟು ಬಿದ್ದಿತ್ತು! ಅದನ್ನೇ ಈಗ ಮಾಡಿಸ್ತಿದಾರೆ. ಬಂದ ಕೂಲೀಲಿ ನಾನು ಹಾಲು ತಗೋತೀನಿ. ಹಾಲಿನವನು ಹೋಗಿ ಕ್ಷೌರ ಮಾಡಿಸ್ಕೋತಾನೆ. ಮೊನ್ನೆವರೆಗೂ ಕರಡಿ ಹಂಗಿದ್ದ, ಈಗ ನೋಡು ಅವನ ಮುಖಾನ! ದುಡ್ಡು ಹಿಂಗೆ ಕೈಯಿಂದ ಕೈಗೆ ಓಡಾಡಬೇಕು ತಮ್ಮಾ. ಆಗ ತಾನೇ ಬೂಟು ಕೊಳ್ಳೋರು ಬರೋದು, ನಿಮ್ಮ ಗೇಟು ತೆರೆಯೋದು?"

"ನಾನೂ ಒಂದ್ಸಲ ಹೋಗಿದ್ದೆ," ಅಂದ ಅವನು.

"ಹೋಗಿದ್ರಾ? ನನಗೆ ಹೇಳಲೇ ಇಲ್ಲ!" ಅಂದಳು ಹೆಂಡತಿ.

"ಏನಂತ ಹೇಳ್ಲಿ? ಗುದ್ದಲಿ ಹಿಡಿ ಅಂದ್ರು. ಬಂದ್ಬಿಟ್ಟೆ. ಚರ್ಮದ ನವುರು ನನಗೆ ಗೊತ್ತಾಗೋದೇ ಈ ಹೆಬ್ಬೆರಳಿಂದ ಕಣೇ. ಇದು ಜಡ್ಡುಗಟ್ಟಿದ್ರೆ ನನ್ನ ಕಥೆ ಮುಗೀತು."

"ನಿನಗೇನು ಕೆಲಸ ಬರುತ್ತೆ ಅಂತ ಅವರು ಕೇಳ್ಲಿಲ್ವಾ?" ಅಂದಳು ಹೊಲಿಗೆಯಕ್ಕ.

"ಕೇಳಿದ್ರು."

"ನೀನೇನಂದೆ?"

"ಯಾವುದಾದ್ರೂ ಸರಿ ಅಂದೆ."

ಹೊಲಿಗೆಯಕ್ಕ ಹಣೆ ಹಣೆ ಚಚ್ಚಿಕೊಂಡಳು. "ಬಾಯಲ್ಲಿ ಏನಿಟ್ಕೊಂಡಿದ್ದೆ? ಕಸುಬು ಕೇಳಿದ್ರೆ ಕಸುಬು ಹೇಳಬಾರದಾ?"

"ಹೇಳಿದ್ರೆ ಕಾರ್ಖಾನೆಯವನು ಅಂತ ತಿಳಿಯುತ್ತಲ್ಲ! ಸರ್ಕಾರದ ಕೆಲಸಕ್ಕೆ ಹೋದೋರನ್ನ ಆಮೇಲೆ ಕಾರ್ಖಾನೆ ಒಳಗೆ ಬಿಟ್ಕೊಳ್ಳಲ್ವಂತೆ. ಗೇಟಿನ ಕಾವಲುಗಾರನೇ ಹೇಳಿದ್ದು."

"ಯಾರು, ಆ ಮೀಸೆಯವನಾ? ಅವನು ಈಗೆಲ್ಲಿ?"

"ಜ್ವರ ಅಂತೆ. ಗೇಟಿನ ಹತ್ರ ಕಾಣೋದೇ ಇಲ್ಲ."

"ಹೊಸ ರಸ್ತೇಲಿ ಕೆಂಪು ಬಾವುಟ ಹಿಡ್ಕೊಂಡು ಗಾಡಿ ನಿಲ್ಲಿಸ್ತಿದಾನೆ ನಿನ್ನ ಜ್ವರದವನು! ಕೂಲಿ ಕೊಡೋ ದಿನ ನನ್ನ ಮುಂದೇನೇ ನಿಂತಿದ್ದ, ಮೀಸೆ ಬೇರೆ ತಿರುವಿಕೊಂಡು. ನಿಮ್ಮ ಗಾಳಿಮಾತು ನಿಜಾನಾ ಅಂತ ನಾನು ಕಚೇರಿಯಲ್ಲೇ ವಿಚಾರಿಸಿದೀನಿ. ಹಳೇ ಕೆಲಸ ಸಿಕ್ಕಿದ್ರೆ ಸಂತೋಷವಾಗಿ ಹೋಗಿ, ಅಲ್ಲೀತನಕ ಇಲ್ಲಿ ದುಡೀರಿ ಅಂತಾರೆ."

"ನೋಡೋಣ," ಅಂದ ಅವನು. ನೋಡೋಣ ಅಂದರೆ ಆಗಲ್ಲ ಅಂತ ಅರ್ಥ. ಅದು ಹೆಂಡತಿಗೂ ಗೊತ್ತು.

ಹೊಲಿಗೆಯಕ್ಕ ಗಿಣಿಯ ಕಡೆ ತಿರುಗಿದಳು. ದಾರ ಪೋಣಿಸಿ ಆಗಿತ್ತು. ಬಾಯಿಂದ ಮಾತ್ರ ಒಂದು ಮಾತಿಲ್ಲ.

"ಇದ್ಯಾಕೆ ಹಿಂಗೆ ಕೂತಿದೀಯ, ನನ್ನ ಬಂಗಾರ?"

"ಅಭ್ಯಾಸ ಮಾಡ್ತಿದೀನಿ," ಅಂದಳು ಗಿಣಿ ಮೆಲ್ಲಗೆ. "ಅತ್ತೆ ಮನೇಲಿ ಜಾಸ್ತಿ ಮಾತಾಡಬಾರದು. ಇನ್ನೊಂಚೂರು ಹಾಕ್ಲಾ ಅಂದ್ರೆ ಸಾಕು ಅನ್ನಬೇಕು. ಹೊಟ್ಟೆ ತುಂಬದಿದ್ರೂ ಸಾಕು ಅನ್ನಬೇಕು. ಅಲ್ವಾಮ್ಮ?"

ಅಮ್ಮ ಚೀಲ ಬಿಟ್ಟು ಒಳಕೋಣೆಗೆ ಹೋದಳು. ಅಪ್ಪ ಗಿಣಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಹೊಲಿಗೆಯಕ್ಕನನ್ನು ಕೇಳಿದ:

"ಅಕ್ಕಾ, ನಾಳೆ ನೀನು ಎಷ್ಟು ಹೊತ್ತಿಗೆ ಹೊರಡ್ತೀಯ?"

ಬೆಳಿಗ್ಗೆ ಗೇಟಿನ ಮುಂದೆ ಹಾದುಹೋಗುವಾಗ ಸಾಲಿನಲ್ಲಿ ಎರಡನೆಯವನು, "ಏನಯ್ಯಾ, ದಾರಿ ತಪ್ಪಿದ್ಯಾ?" ಅಂತ ಕೂಗಿದ.

"ಈಗ ಸರಿ ದಾರಿ ಸಿಕ್ಕಿದೆ. ನನ್ನ ಜಾಗ ನೀನೇ ಇಟ್ಕೋ. ಇಲ್ಲ, ನನ್ನ ಜೊತೆ ಬಾ."

ಎರಡನೆಯವನು ಮೊದಲನೆಯ ಜಾಗವನ್ನು ಆಸೆಯಿಂದ ನೋಡಿದ. ಗೇಟಿನಾಚೆಯ ಖಾಲಿ ಅಂಗಳವನ್ನು ನೋಡಿದ. ಆಮೇಲೆ ಓಡೋಡಿ ಬಂದು ಸೇರಿಕೊಂಡ.

ಕಚೇರಿಯಲ್ಲಿ ಅದೇ ಪ್ರಶ್ನೆ ಕೇಳಿದರು. ಈ ಸಲ ಅವನು ಎದೆ ಸೆಟೆದು ಹೇಳಿದ: "ಬೂಟಿನ ಚರ್ಮ ಕತ್ತರಿಸ್ತೀನಿ. ಈ ಊರಲ್ಲಿ ನನ್ನಷ್ಟು ಚೆನ್ನಾಗಿ ಕತ್ತರಿಸೋರಿಲ್ಲ." ಹಿಂದೆ ಎರಡನೆಯವನು ಜೋರಾಗಿ ಕೆಮ್ಮಿದ.

"ಮೊದಲೇ ಹೇಳಬಾರದಿತ್ತಾ?" ಅಂದರು ಅಧಿಕಾರಿ. "ರಸ್ತೆ ಕೆಲಸದವರ ಬೂಟೆಲ್ಲ ಬಾಯಿ ಬಿಟ್ಟಿದೆ. ರಿಪೇರಿಗೆ ಒಂದು ಶೆಡ್ಡು ತೆರೀಬೇಕು ಅಂತಿದೀವಿ, ಬಲ್ಲೋರೇ ಸಿಕ್ಕಿರಲಿಲ್ಲ. ಆದರೆ ಶೆಡ್ಡಿಗೆ ಇನ್ನೂ ಛಾವಣಿ ಇಲ್ಲ. ಅದಾಗೋವರೆಗೆ ಗುದ್ದಲಿ ಹಿಡೀಬೇಕು. ಆಗುತ್ತಾ?"

ಅವನು ಒಂದು ಗಳಿಗೆ ತನ್ನ ಹೆಬ್ಬೆರಳು ನೋಡಿಕೊಂಡ. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಅದಕ್ಕೆ ಸುತ್ತಿದ. "ಗುದ್ದಲಿ ಕೊಡಿ ಸ್ವಾಮಿ," ಅಂದ.

ಭಾನುವಾರ ಅವನ ಅಕ್ಕ ಬಂದಳು. ನೀರು ಕುಡಿದು, "ಎಲ್ಲಿ ಗಿಣಿ? ಹೊರಡೋಣ್ವಾ?" ಅಂದಳು.

"ಕಳಿಸಲ್ಲ ಅಕ್ಕಾ. ನನಗೆ ಕೆಲಸ ಸಿಕ್ಕಿದೆ."

ಅಕ್ಕ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅಳತೊಡಗಿದಳು. ಬೇಜಾರಾಯಿತೇನೋ ಅಂತ ಇಬ್ಬರೂ ಗಾಬರಿಯಾದರು.

"ಬೇಜಾರಲ್ಲ ಕಣೋ," ಅಂದಳು ಕಣ್ಣೊರೆಸಿಕೊಂಡು. "ನಿಮ್ಮ ಭಾವನ ಮರಗೆಲಸಾನೂ ನಿಂತುಹೋಗಿದೆ. ಹೇಳಿದ್ರೆ ನೀವು ಮಗೂನ ಕಳಿಸಲ್ಲ ಅಂತ ಸುಮ್ಮನಿದ್ದೆ. ನಮ್ಮ ತಟ್ಟೇಲಿರೋದನ್ನೇ ಅವಳಿಗೆ ಕೊಟ್ಟು ಹೇಗೋ ಸಾಕೋಣ ಅಂದ್ಕೊಂಡಿದ್ವಿ."

"ನಿಮ್ಮೂರಲ್ಲಿ ಸರ್ಕಾರದವರು ಹೆಸರು ಬರ್ಕೋತಿಲ್ವಾ?"

"ಬರ್ಕೋತಾರೆ. ಇವರು ಹೋಗಬೇಕಲ್ಲ! ಕೈ ಚಾಚಲ್ಲ ಅಂತ ಹಟ ಹಿಡಿದು ಕೂತಿದಾರೆ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟರು. ಅವನು ಬೂಟು ಹಾಕಿಕೊಳ್ಳತೊಡಗಿದ.

"ನಡಿ ಅಕ್ಕಾ, ನಾನೇ ಬರ್ತೀನಿ. ಭಾವನ ಹತ್ರ ನಾನು ಮಾತಾಡ್ತೀನಿ."

ಗೋಡೆಯಾಚೆಯಿಂದ ಹೊಲಿಗೆಯಕ್ಕನ ದನಿ ಬಂತು: "ನಾನೂ ಬರಲಾ?"

"ಬೇಡಕ್ಕಾ! ನಿನ್ನ ಮಾತೆಲ್ಲ ನನಗೆ ಬಾಯಿಪಾಠ ಆಗಿದೆ!"

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕೆಲಸ ಹೋಗಿದ್ದರೆ ತಪ್ಪು ನಿಮ್ಮದಲ್ಲ. ಕಾಲ ಕೆಟ್ಟಿದೆ, ಅಷ್ಟೆ. ಸರ್ಕಾರದ ಈ ಪರಿಹಾರ ಕೆಲಸದ ಕೂಲಿ ನಿಮ್ಮ ಬೆವರಿನದು, ಯಾರ ದಾನವೂ ಅಲ್ಲ. ಗಂಡಸರೂ ಬನ್ನಿ, ಹೆಂಗಸರೂ ಬನ್ನಿ. ಬಂದಾಗ ನಿಮ್ಮ ಕಸುಬು ಏನೆಂದು ಬಾಯಿಬಿಟ್ಟು ಹೇಳಿ. ಅದೇ ಕೆಲಸ ಮೊದಲ ದಿನವೇ ಸಿಗದಿರಬಹುದು, ಆದರೆ ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅನುಮಾನವಿದ್ದರೆ ಗೇಟಿನ ಮುಂದೆ ಕೇಳಬೇಡಿ, ಕಚೇರಿಗೆ ಹೋಗಿ ಕೇಳಿ. ನಿಮ್ಮ ಮಕ್ಕಳು ನಿಮ್ಮ ಮನೆಯಲ್ಲೇ ಕೂತು, "ಅಮ್ಮಾ, ಇನ್ನೊಂಚೂರು ಹಾಕು" ಅಂತ ಧೈರ್ಯವಾಗಿ ಕೇಳಲಿ. ನಾಳೆ ಬೆಳಿಗ್ಗೆಯೇ ಹೊರಡಿ. ಪಕ್ಕದ ಮನೆಯವರನ್ನೂ ಕೂಗಿ ಕರೆದುಕೊಂಡು ಬನ್ನಿ.