ಮೂವತ್ತೆಂಟನೆಯ ವಿಡಿಯೋ

"ಬಲಗಡೆ ತೋಳು ಹಾಗೇ ಉದ್ದಕ್ಕೆ ಬಿಡಿ ಅತ್ತಿಗೆ. ನೋಡೋರಿಗೆ ಕೈ ಇದ್ದ ಹಾಗೆ ಕಾಣುತ್ತೆ," ಎಂದ ಮೈದುನ.

ಅವಳು ಕೇಳಿಸಿಕೊಳ್ಳದವಳಂತೆ ಗಂಡನ ಶರ್ಟಿನ ಖಾಲಿ ತೋಳನ್ನು ಮೂರು ಮಡಿಕೆ ಮಡಿಚಿ, ಮೊಣಕೈಯ ಕೆಳಗೆ ಪಿನ್ನು ಚುಚ್ಚಿದಳು. ಬದುಕಿದ್ದಾಗ ಅವನೇ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎಡಗೈಯಲ್ಲಿ ಪಿನ್ನು ಹಾಕಿಕೊಳ್ಳುತ್ತಿದ್ದ. ಅವನು ನೆಟ್‌ಗೆ ಹಾಕಿದ ಆರನೆಯ ವಿಡಿಯೋ ಅದೇ. ಇಲ್ಲದ ಕೈಯನ್ನು ಇದೆ ಎಂದು ತೋರಿಸುವುದು ಅವನಿಗೆ ಆಗಿಬರುತ್ತಿರಲಿಲ್ಲ. ಈಗ ಸತ್ತ ಮೇಲೆ ಯಾರನ್ನು ಮೆಚ್ಚಿಸಬೇಕು?

ಅವನು ಪ್ರೆಸ್ಸಿನಲ್ಲಿ ಬೈಂಡರ್ ಆಗಿದ್ದ. ಇಪ್ಪತ್ತೆರಡು ವರ್ಷದ ಕೆಳಗೆ ಕಾಗದ ಕತ್ತರಿಸುವ ಯಂತ್ರ ಅವನ ಬಲಗೈಯನ್ನು ತೆಗೆದುಕೊಂಡಿತು. ಆಸ್ಪತ್ರೆಯವರು ಗಾಯ ಒಣಗಿಸಿ ಮನೆಗೆ ಕಳಿಸಿದರೇ ಹೊರತು, ನಾಳೆ ಬೆಳಿಗ್ಗೆ ಬ್ರಷ್ಷಿಗೆ ಪೇಸ್ಟು ಹಾಕಿಕೊಳ್ಳುವುದು ಹೇಗೆ ಎಂದು ಒಬ್ಬರೂ ಹೇಳಲಿಲ್ಲ. ಒಂದೊಂದನ್ನೂ ಅವನೇ ತಲೆ ಚಚ್ಚಿಕೊಂಡು ಕಲಿತ. ಮಗಳು ದೊಡ್ಡವಳಾದ ಮೇಲೆ, "ಅಪ್ಪ, ಇದನ್ನೆಲ್ಲ ನೆಟ್‌ಗೆ ಹಾಕೋಣ," ಎಂದು 'ಒಂದೇ ಕೈ ಸಾಕು' ಅನ್ನುವ ಪುಟ ಮಾಡಿಕೊಟ್ಟಳು. ಅರವತ್ತೊಂದು ವಿಡಿಯೋ. ಅವುಗಳ ಕೆಳಗೆ, ಡಾಕ್ಟರನ್ನು ಏನೇನು ಕೇಳಬೇಕು, ಕೃತಕ ಕೈ ತೊಟ್ಟಾಗ ಚರ್ಮ ಉಜ್ಜಿಹೋಗದ ಹಾಗೆ ಏನು ಮಾಡಬೇಕು, ಇಲ್ಲದ ಬೆರಳು ನೋಯತೊಡಗಿದರೆ ಯಾರಿಗೆ ಹೇಳಬೇಕು ಎಂಬ ವಿವರಗಳು. ದಿನಾ ಕಾಫಿ ಆರಿಹೋಗುವ ತನಕ ಒಂದೇ ಬೆರಳಲ್ಲಿ ಕುಟ್ಟುತ್ತಾ ಎಲ್ಲರಿಗೂ ಉತ್ತರ ಬರೆಯುತ್ತಿದ್ದ. ನೋಡುವವರು ಅವನಿಗೆ ಒಂಟಿಗೈ ಮೇಷ್ಟ್ರು ಅಂತ ಹೆಸರಿಟ್ಟಿದ್ದರು.

ನಿನ್ನೆ ಸಂಜೆ ಮಗಳು ಆ ಪುಟದಲ್ಲಿ ಎರಡು ಸಾಲು ಬರೆದಿದ್ದಳು, ಅಪ್ಪ ಇನ್ನಿಲ್ಲ ಎಂದು. ಅಷ್ಟಕ್ಕೇ ಬೆಳಿಗ್ಗೆಯಿಂದ ಗುರುತಿಲ್ಲದವರು ಬರುತ್ತಿದ್ದರು. ಒಬ್ಬನ ಶರ್ಟಿನ ತೋಳು ಭುಜದಿಂದಲೇ ಖಾಲಿಯಾಗಿ ಜೋಲುತ್ತಿತ್ತು, ಇನ್ನೊಬ್ಬಳ ಕೈ ಮೊಣಕೈಗೆ ನಿಂತಿತ್ತು. ಪಕ್ಕದ ಮನೆಯವರು ಎಲ್ಲಿ ನೋಡಬೇಕೋ ತಿಳಿಯದೆ ಗೋಡೆಯ ಗಡಿಯಾರ ನೋಡುತ್ತಿದ್ದರು.

"ಮೇಷ್ಟ್ರನ್ನ ನಾನು ಎದುರಿಗೆ ನೋಡ್ತಿರೋದೇ ಇವತ್ತು," ಎಂದ ಬಲಗೈಯಿಲ್ಲದ ಮೆಕ್ಯಾನಿಕ್. "ಆದ್ರೆ ಅವರ ಎಡಗೈ ಹೆಬ್ಬೆರಳಿನ ಉಗುರಿನ ಗುರುತೂ ಇದೆ ನಂಗೆ."

"ಒಂದು ಕೈಲಿ ಚಪ್ಪಾಳೆ ಆಗಲ್ಲ ಅಂತಾರೆ, ಈ ಮನುಷ್ಯ ನೋಡಿ," ಎಂದರು ಪಕ್ಕದ ಮನೆಯವರು.

"ಮೊದಲನೇ ವಿಡಿಯೋ ಅದೇ ಅಲ್ವಾ? ತೊಡೆ ಮೇಲೆ ಪಟ್ ಅಂತ ಬಡಿದು, 'ಆಯ್ತಲ್ಲ ಚಪ್ಪಾಳೆ, ಮುಂದಿನ ಕೆಲಸ ನೋಡೋಣ' ಅಂದ್ರು," ಎಂದ ಮೆಕ್ಯಾನಿಕ್.

ನಾಲ್ಕೈದು ಜನ ನಕ್ಕೇಬಿಟ್ಟರು. ಆಮೇಲೆ ಎಲ್ಲಿದ್ದೇವೆಂದು ನೆನಪಾಗಿ ಸುಮ್ಮನಾದರು.

ಅಷ್ಟರಲ್ಲಿ ಮೈದುನ ಒಳಗಿನ ಬೀರುವಿನಿಂದ ಒಂದು ಜೊತೆ ಕಪ್ಪು ಶೂ ತಂದ. ಲೇಸು ಕಟ್ಟುವಂಥವು. ಪಾಲಿಶ್ ಹಾಕಿ ಹೊಳೆಯಿಸಿದ್ದ.

"ಅಣ್ಣ ಹೆಸರು ಮಾಡಿದ್ದೇ ಇದರಿಂದ. ಇದನ್ನ ಹಾಕೇ ಕಳಿಸೋಣ."

ಒಂಬತ್ತು ವರ್ಷದಿಂದ ಆ ಶೂಗಳನ್ನು ಅವಳು ಮುಟ್ಟಿರಲಿಲ್ಲ. ಅವನಂತೂ ಮುಟ್ಟಿರಲೇ ಇಲ್ಲ.

*

ವಿಡಿಯೋ ಮಾಡುವಾಗ ಫೋನು ಹಿಡಿಯುವುದು ಅವಳ ಕೆಲಸವಾಗಿತ್ತು. ಮನೆಯಲ್ಲಿ ಬಟ್ಟೆ ಹೊಲಿದು ಸಂಸಾರ ತೂಗಿಸುತ್ತಿದ್ದವಳು ಭಾನುವಾರ ಮಿಷನ್ನು ಮುಚ್ಚಿ, ಅವನ ಎದುರಿಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಅವನದು ಒಂದೇ ಕಟ್ಟಪ್ಪಣೆ.

"ನಿನ್ನ ಕೈ ಕಾಣಿಸಬಾರದು ಕಣೇ. ನೆರಳೂ ಬೀಳಬಾರದು. ಕಂಡ್ರೆ, ಓಹೋ ಹೆಂಡ್ತಿ ಇದಾಳೆ ಬಿಡು ಅಂತಾರೆ. ಹೆಂಡ್ತಿ ಇಲ್ಲದೋನು ಏನ್ ಮಾಡ್ಬೇಕು?"

ಮೂವತ್ತೇಳು ವಿಡಿಯೋಗಳ ತನಕ ಅವಳ ಕೈ ಕಾಣಿಸಲಿಲ್ಲ, ಕೆಲಸವನ್ನೂ ಮಾಡಲಿಲ್ಲ. ಗುಂಡಿ, ಈರುಳ್ಳಿ, ಡಬ್ಬಿಯ ಮುಚ್ಚಳ, ಛತ್ರಿ ಎಲ್ಲವೂ ಅವನದೇ. ಮುಂದಿನ ವಾರ ಶೂ ಲೇಸು ಕಟ್ಟುವುದನ್ನು ತೋರಿಸುತ್ತೇನೆ ಎಂದು ಜಂಬದಿಂದ ಹೇಳಿಬಿಟ್ಟ. ಕಲಿಯುವ ಮೊದಲೇ ಹೇಳಿದ್ದು ತಪ್ಪಾಯಿತು. ಮೊದಲ ಸುತ್ತು ಬರುತ್ತಿತ್ತು, ಅದರ ಮೇಲಿನ ಕುಣಿಕೆ ನಿಲ್ಲುತ್ತಿರಲಿಲ್ಲ. ಮೂರು ವಾರ ತಳ್ಳಿದ. ಮೂರನೆಯ ಭಾನುವಾರ ಮಧ್ಯಾಹ್ನದ ತನಕ ಹೆಣಗಿ, ಶೂ ತೆಗೆದು ಗೋಡೆಗೆ ಎಸೆದ. ಕೈ ಹೋದ ದಿನ ಅಳದವನು ಅವತ್ತು ಅತ್ತ.

"ಅಷ್ಟು ಜನಕ್ಕೆ ಮಾತು ಕೊಟ್ಟಿದೀನಲ್ಲೇ."

ಅವಳಿಗೆ ನೋಡಲಾಗಲಿಲ್ಲ. ಮೊದಲ ಸುತ್ತಿನ ತನಕ ವಿಡಿಯೋ ತೆಗೆದು, ಫೋನನ್ನು ಅಷ್ಟಕ್ಕೇ ನಿಲ್ಲಿಸಿ, ಕೆಳಗೆ ಕೂತು ತನ್ನ ಎರಡೂ ಕೈಯಿಂದ ಕುಣಿಕೆ ಹಾಕಿ, ಕೊನೆಗೆ ಬಿಗಿಯುವುದೊಂದನ್ನು ಅವನಿಗೆ ಬಿಟ್ಟಳು. "ಇದನ್ನ ಎಳೀರಿ ಸಾಕು," ಎಂದು ಮತ್ತೆ ಫೋನು ಒತ್ತಿದಳು. ಅವನು ಎಳೆದ. ಗಂಟು ಚೆಂದವಾಗಿ ಕೂತಿತು.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾವು ಹೇಳಿದ್ದು ಒಂದೇ," ಎಂದಳು. ಅವನು ನಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ಅದನ್ನೇ. ತೆಗೆದುಬಿಡೋಣ ಎಂದು ಅವನು ಎರಡು ಸಲ ಕೇಳಿದ. ತೆಗೆದರೆ ಉಳಿದದ್ದನ್ನೂ ನಂಬುವುದಿಲ್ಲ ಎಂದು ಅವಳು ಬಿಡಲಿಲ್ಲ. ಹೋದ ವಾರ ಆಸ್ಪತ್ರೆಯ ಮಂಚದ ಮೇಲಿಂದ ಮೂರನೆಯ ಸಲ, "ಆ ಮೂವತ್ತೆಂಟನೇದು..." ಎಂದ. "ಮನೆಗೆ ಹೋಗಿ ಮಾತಾಡೋಣ, ಸುಮ್ನಿರಿ," ಎಂದಳು. ಮನೆಗೇನೋ ಬಂದ, ಮಾತಾಡಲು ಉಳಿದಿರಲಿಲ್ಲ.

*

ಮೊಣಕೈ ತನಕ ಮಾತ್ರ ಎಡಗೈಯಿದ್ದ ಹೆಂಗಸು ಅವಳ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತಳು. ಕ್ಯಾಂಟೀನಿನಲ್ಲಿ ಅಡುಗೆ ಕೆಲಸ ಎಂದು ಹೇಳಿಕೊಂಡಳು. ಹೊಸ್ತಿಲಾಚೆ ಬಿಟ್ಟುಬಂದ ಅವಳ ಶೂಗಳಿಗೆ ಲೇಸಿರಲಿಲ್ಲ, ಅಂಟಿಸುವ ಪಟ್ಟಿಯಿತ್ತು. ಮೈದುನನ ಕೈಯಲ್ಲಿದ್ದ ಕಪ್ಪು ಶೂಗಳನ್ನು ಕಂಡ ಮೇಲೆ ಅವಳಿಗೆ ತಡೆಯಲಾಗಲಿಲ್ಲ ಅನ್ನಿಸುತ್ತದೆ.

"ಅಕ್ಕ, ಈ ಹೊತ್ತಲ್ಲಿ ಕೇಳಬಾರದು. ಇನ್ಯಾರನ್ನ ಕೇಳಲಿ ಹೇಳಿ. ಹದಿನಾಲ್ಕು ತಿಂಗಳಿಂದ ದಿನಾ ಕೂತು ಕಟ್ತೀನಿ. ಹೆಚ್ಚೋದು, ರುಬ್ಬೋದು, ಕುಕ್ಕರ್ ಮುಚ್ಚೋದು ಎಲ್ಲ ಮೇಷ್ಟ್ರಿಂದ ಬಂತು. ಇದೊಂದು ಬರ್ತಿಲ್ಲ. ಮೊದಲ ಸುತ್ತು ಆದಮೇಲೆ ಅವರು ಏನೋ ಮಾಡ್ತಾರೆ, ಅದು ಕಣ್ಣಿಗೆ ಸಿಗಲ್ಲ. ನಮ್ಮನೆಯೋರು, 'ಅವರಿಗೆ ಛಲ ಇತ್ತು, ನಿಂಗಿಲ್ಲ' ಅಂತಾರೆ. ನಂಗೂ ಹಾಗೇ ಅನ್ನಿಸಿಬಿಟ್ಟಿದೆ. ನೀವು ಹತ್ರ ಕೂತು ನೋಡಿದೀರಲ್ಲ, ಅಲ್ಲಿ ಏನು ಮಾಡ್ತಾರೆ?"

"ಆಮೇಲೆ ಕೇಳಿದ್ರಾಯ್ತಮ್ಮ," ಎಂದ ಮೈದುನ.

ಅವಳು ಗಂಡನ ಮುಖ ನೋಡಿದಳು. ಬಾಯಿಬಿಟ್ಟರೆ, ಉತ್ತರ ಕೊಡಲಾಗದೆ ಮಲಗಿರುವವನ ಮೇಲೆ ಅವಳೇ ಕೆಸರು ಎರಚಿದಂತೆ. ಸುಮ್ಮನಿದ್ದರೆ ಈ ಹೆಂಗಸು ನಾಳೆಯೂ ಕೂತು ಕಟ್ಟುತ್ತಾಳೆ, ಬರಲಿಲ್ಲವೆಂದು ತನ್ನನ್ನೇ ಬೈದುಕೊಳ್ಳುತ್ತಾಳೆ.

"ಅಲ್ಲಿ ಅವರು ಏನೂ ಮಾಡಲ್ಲ," ಎಂದಳು. "ಅಲ್ಲಿ ಮಾಡಿದ್ದು ನಾನು. ಫೋನ್ ನಿಲ್ಲಿಸಿ, ನನ್ನ ಎರಡು ಕೈಲಿ ಕಟ್ಟಿದೆ. ಅವರು ಎಳೆದ್ರು, ಅಷ್ಟೆ."

ಮಗಳು ಬಾಗಿಲಲ್ಲೇ ನಿಂತಳು. ಅವಳಿಗೂ ಇದು ಗೊತ್ತಿರಲಿಲ್ಲ.

"ಅತ್ತಿಗೆ, ಅಣ್ಣ ಇನ್ನೂ ಮನೇಲಿದಾನೆ," ಎಂದ ಮೈದುನ ತಗ್ಗಿದ ದನಿಯಲ್ಲಿ.

"ಅದಕ್ಕೇ ಈಗ ಹೇಳ್ತಿದೀನಿ. ಮೂರು ಸಲ ತೆಗಿ ಅಂದ್ರು. ಬಿಡದೇ ಇದ್ದೋಳು ನಾನು. ಅವರ ಹೆಸರು ಉಳಿಸ್ತೀನಿ ಅಂತ ಅವರ ಮಾತನ್ನೇ ಉಳಿಸಲಿಲ್ಲ."

ಮೆಕ್ಯಾನಿಕ್ ಎದ್ದು ಹೊಸ್ತಿಲ ತನಕ ಹೋದ. "ನಮ್ಮ ಗ್ಯಾರೇಜಿನೋರಿಗೆಲ್ಲ ಆ ವಿಡಿಯೋನ ನಾನೇ ತೋರಿಸಿದೀನಲ್ಲ," ಎಂದು ಬೀದಿಯ ಕಡೆ ಮುಖ ಮಾಡಿ ಹೇಳಿದ.

ಅಡುಗೆಯವಳು ಹೊಸ್ತಿಲಾಚೆಗಿದ್ದ ತನ್ನ ಪಟ್ಟಿಯ ಶೂಗಳನ್ನೇ ನೋಡುತ್ತಿದ್ದಳು. "ಹದಿನಾಲ್ಕು ತಿಂಗಳು ಅಕ್ಕ," ಎಂದಳು ಕೊನೆಗೆ.

"ಬೈದುಬಿಡು ತಾಯಿ."

"ಬೈತೀನಿ. ಇವತ್ತಲ್ಲ." ಅವಳ ಕಣ್ಣು ತುಂಬಿತ್ತು, ಆದರೆ ಕೂತಾಗಿನಿಂದ ಬಿಗಿಹಿಡಿದಿದ್ದ ಭುಜ ಇಳಿದಿತ್ತು. "ಹಾಗಾದ್ರೆ ಮೇಷ್ಟ್ರಿಗೂ ಬರ್ತಿರಲಿಲ್ಲ ಅನ್ನಿ."

"ಬರ್ತಿರಲಿಲ್ಲ. ಶೂ ಎಸೆದು ಅತ್ತಿದ್ರು."

"ನಾನೂ ಎಸೆದಿದೀನಿ," ಎಂದಳು ಅಡುಗೆಯವಳು, ಮೂಗೊರೆಸಿಕೊಂಡು. "ನಮ್ಮನೆ ಟಿ.ವಿ. ಒಡೆದುಹೋಯ್ತು."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಅವಳು ಮೈದುನನ ಕೈಯಿಂದ ಶೂಗಳನ್ನು ತೆಗೆದುಕೊಂಡು ಗಂಡನ ಕಾಲಿಗೆ ಒಂದೊಂದಾಗಿ ಏರಿಸಿದಳು. ಆಮೇಲೆ ಮಗಳನ್ನು ಕರೆದಳು.

"ಫೋನ್ ತಗೋ. ಶೂ ಒಂದೇ ಬರಲಿ, ಮುಖ ಬೇಡ. ಹಳೇದನ್ನ ತೆಗೆದು ಇದನ್ನ ಅಲ್ಲಿಗೆ ಹಾಕು."

"ಈಗಲಾ ಅಮ್ಮ?"

"ಇನ್ನು ಮನೆಗೆ ಹೋಗಿ ಮಾತಾಡೋಣ ಅಂತ ನಾನು ಯಾರಿಗೂ ಹೇಳಲ್ಲ."

ತನ್ನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯಿಂದ ಲೇಸಿನ ಒಂದು ತುದಿ ಹಿಡಿದಳು. ಅಡುಗೆಯವಳು ಇನ್ನೊಂದು ತುದಿ ಹಿಡಿದಳು. ಮೊದಲ ಸುತ್ತು ಬಂತು. ಕುಣಿಕೆ ಜಾರಿತು. "ಬೆರಳು ಇಡು, ನಾನು ಸುತ್ತುತೀನಿ," ಎಂದಳು. ಅಡುಗೆಯವಳು ಬೆರಳಿಟ್ಟಳು.

"ಅಮ್ಮ, ನಿನ್ನ ಕೈ ಕಾಣಿಸ್ತಿದೆ," ಎಂದಳು ಮಗಳು ಹಳೆಯ ಅಭ್ಯಾಸದಿಂದ.

"ಕಾಣಿಸಲಿ."

ಗಂಟು ಸೊಟ್ಟಗೆ ಬಂತು. ಒಂದು ಕಿವಿ ದೊಡ್ಡದು, ಒಂದು ಚಿಕ್ಕದು. ಗಾಡಿಯವನು ಒಮ್ಮೆ ಹಾರ್ನ್ ಒತ್ತಿ ಸುಮ್ಮನಾದ. ಮೆಕ್ಯಾನಿಕ್ ಹೊಸ್ತಿಲಿಂದ ತಿರುಗಿ ಬಂದು, ಯಾರ ಮುಖವನ್ನೂ ನೋಡದೆ ಇನ್ನೊಂದು ಕಾಲಿನ ಹತ್ತಿರ ಕೂತ. ಲೇಸಿನ ಒಂದು ತುದಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ತುದಿಗೆ ಯಾರಾದರೂ ಕೈ ಹಾಕಲಿ ಎಂದು ಕಾದ.