ಬೆಳಕಿನ ನಾಣ್ಯ

ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಜಕ್ಕಲಿಯ ಬಾಳವ್ವ ಕೋಲು ಬಿಟ್ಟು ಹೆಜ್ಜೆ ಇಟ್ಟವಳಲ್ಲ, ಬಗ್ಗಿ ಏನನ್ನೂ ಎತ್ತಿಕೊಂಡವಳೂ ಅಲ್ಲ. ಕಾಲಿಗೆ ಧೈರ್ಯ ಬರಲೆಂದು, ನರೇಗಲ್ಲಿನ ದವಾಖಾನೆಯಲ್ಲಿ ವ್ಯಾಯಾಮ ಮಾಡಿಸುವ ಶೈಲಶ್ರೀ ಅವಳನ್ನು ಒಂದು ವಿಡಿಯೋ ಗೇಮಿಗೆ ನಿಲ್ಲಿಸಿದಳು. ನೆಲದ ಮೇಲೆ ಬೆಳಕು ಬಿದ್ದು, ಬಂಗಾರದ ನಾಣ್ಯಗಳು ಅಲ್ಲೊಂದು ಇಲ್ಲೊಂದು ಮೂಡತೊಡಗಿದವು.

“ನಾಣ್ಯ ಕಂಡಲ್ಲೆ ಕಾಲಿಡ್ರಿ, ಅಜ್ಜಿ.”

“ಲಕ್ಷ್ಮಿನ್ನ ತುಳಿ ಅಂತೀಯೇನ ತಂಗಿ? ನಿಮ್ಮವ್ವ ಇದನ್ನ ಕಲಿಸ್ಯಾಳೇನು?” ಬಾಳವ್ವ ಗದರಿದಳು.

“ಖರೇ ರೊಕ್ಕ ಅಲ್ರಿ, ಬರೀ ಬೆಳಕು.”

“ದೀಪಾನೂ ಬರೀ ಬೆಳಕ. ಅದನ್ನ ತುಳಿತೀಯೇನು?”

ಅಷ್ಟರಲ್ಲಿ ಒಂದು ನಾಣ್ಯ ಕಾಲ ಬಳಿಯೇ ಬಂತು. ಬಾಳವ್ವ ಸರಕ್ಕನೆ ಪಕ್ಕಕ್ಕೆ ಸರಿದಳು. ಅಲ್ಲಿ ಇನ್ನೊಂದು, ದಾಟಿದಳು. ಮತ್ತೊಂದು ನೇರ ಪಾದದಡಿಯೇ ಮೂಡಿದಾಗ “ಶಿವಶಿವಾ” ಎನ್ನುತ್ತ ಬಗ್ಗಿ, ನೆಲ ಮುಟ್ಟಿ, ಎರಡೂ ಕೈ ಕಣ್ಣಿಗೊತ್ತಿಕೊಂಡು ಎದ್ದಳು.

ಆಟದ ಲೆಕ್ಕದಲ್ಲಿ ಬಾಳವ್ವ ಸೋತಿದ್ದಳು. ಶೈಲಶ್ರೀ ಮಾತ್ರ ನಗುತ್ತಿದ್ದಳು.

“ಅಜ್ಜಿ, ನಿಮ್ಮ ಕೋಲ ಎಲ್ಲೈತ್ರಿ?”

ಕೋಲು ದೂರ ನೆಲದ ಮೇಲೆ ಬಿದ್ದಿತ್ತು. ಬಾಳವ್ವ ತನ್ನ ಬರಿಗೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ತಾನೇ ಹೋಗಿ, ಬಗ್ಗಿ, ಅದನ್ನೆತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡಳು.

“ನಾಳಿಗಿ ಲಕ್ಷ್ಮಿ ಬ್ಯಾಡ, ಚೇಳ ಬಿಡು,” ಎಂದಳು. “ತುಳಿಯೂದು ಹ್ಯಾಂಗಂತ ತೋರಸ್ತೀನಿ.”