ಬೈಸಿಕೊಂಡ ದಿಂಬು

ನಾನು ಬಸ್ ಡ್ರೈವರನ ಸೀಟಿನ ಮೇಲೆ ಬಿದ್ದಿರುವ ಒಂದು ಹತ್ತಿ ದಿಂಬು. ಗದಗಿನ ನದಾಫನೊಬ್ಬ ಹತ್ತಿ ಹಿಂಜಿ ನನ್ನ ಹೊಟ್ಟೆ ತುಂಬಿದ. ಕಸ್ತೂರೆವ್ವ ತನ್ನ ಹಳೆಯ ಸೀರೆಯಲ್ಲಿ ಗವಸು ಹೊಲಿದು ಗಂಡ ದ್ಯಾಮಣ್ಣನ ಕೈಗಿಟ್ಟಳು. ಜನ ಮುಖ ನೋಡಿ ಮನುಷ್ಯನನ್ನು ಅಳೆಯುತ್ತಾರೆ. ನನಗೆಲ್ಲಿಯ ಆ ಭಾಗ್ಯ! ಕೆಳಗಿನಿಂದಲೇ ಅಳೆಯಬೇಕು. ಆದರೂ ಹೇಳುತ್ತೇನೆ, ದ್ಯಾಮಣ್ಣ ಬಂಗಾರದಂಥ ಮನುಷ್ಯ, ಹಾಳು ಹಠವೊಂದನ್ನು ಬಿಟ್ಟರೆ.

ಅವನಿಗೆ ನಲವತ್ತಾರು ಇದ್ದಾಗ ಡಿಪೋಕ್ಕೆ ಒಬ್ಬ ಡಾಕ್ಟರಮ್ಮ ಬಂದಳು. ನಮ್ಮ ಬಸ್ಸಿನ ಪಕ್ಕದಲ್ಲೇ ನಿಂತು ಡ್ರೈವರುಗಳಿಗೆ ಹೇಳಿದಳು: "ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಬರ್ತದ. ಐವತ್ತಾತಂದ್ರ ಡಾಕ್ಟರ್ ಹತ್ರ ಮಾತಾಡಿ ರಕ್ತ ತೋರಿಸ್ರಿ. ಅಪ್ಪಗೋ ಅಣ್ಣತಮ್ಮಗೋ ಬಂದಿತ್ತಂದ್ರ ನಲವತ್ತೈದಕ್ಕ. ತ್ರಾಸ ಆಗೂತನಕ ಕಾಯಬ್ಯಾಡ್ರಿ."

ದ್ಯಾಮಣ್ಣನ ಅಪ್ಪ ಸತ್ತದ್ದೇ ಅದರಿಂದ. ತಮ್ಮ ಅಂದಾನಪ್ಪನೂ ಡ್ರೈವರ್. ಅವನು ಮೆಲ್ಲಗೆ, "ಅಣ್ಣಾ, ತೋರ್ಸು" ಎಂದ.

"ಏನಾಗೇತಿ ನನಗ? ಗುಂಡಕಲ್ಲ ಇದ್ದಂಗ ಅದೀನಿ. ಏನರ ಸಿಕ್ಕಿತಂದ್ರ ಅನ್‌ಫಿಟ್ ಅಂತ ಬರದು ಗೇಟ್ ಕಾಯಾಕ ಕುಂದ್ರಸ್ತಾರ!"

ಐದು ವರ್ಷ ಕಳೆದವು. ರೋಣಕ್ಕೆ ಹೋಗಿ ಬರುವವರೆಗೂ ಕದಲದಿದ್ದವನು ದಾರಿಯಲ್ಲಿ ಎರಡೆರಡು ಸಲ ಮೂತ್ರಕ್ಕೆಂದು ಇಳಿಯತೊಡಗಿದ. ಅದಕ್ಕೆ ಅವನು ಕಂಡುಕೊಂಡ ಮದ್ದೇನು ಗೊತ್ತೇ? ನೀರು ಕುಡಿಯುವುದನ್ನೇ ಬಿಟ್ಟ. ಮುಂದೆ ಸೊಂಟದ ಎಲುಬು ನೋಯಲು ಶುರುವಾಯಿತು. ಆಗ ಸಿಕ್ಕಿಬಿದ್ದವನು ನಾನು.

"ಈ ದಿಂಬಿನ ಸಲುವಾಗೇ ನನ್ನ ಸೊಂಟ ಹೋತು" ಎಂದು ಕಂಡಕ್ಟರನ ಮುಂದೆ ಬೈದ. ಮೂರು ಸಲ ಹತ್ತಿ ತುಂಬಿಸಿದ. ಕಸ್ತೂರೆವ್ವ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು.

ಒಂದು ದಿನ ಡಿಪೋಕ್ಕೆ ಬಸ್ಸು ತಂದವನಿಗೆ ಸೀಟಿನಿಂದ ಏಳಲಾಗಲಿಲ್ಲ. ನಾಲ್ವರು ಹೊತ್ತು ಇಳಿಸಿದರು. ಅಪ್ಪನಿಗೆ ಬಂದದ್ದೇ ಕ್ಯಾನ್ಸರ್, ಎಲುಬಿಗೆ ಇಳಿದಿದೆ, ಬಹಳ ತಡವಾಯಿತು ಎಂದರು ಡಾಕ್ಟರು. ಆಸ್ಪತ್ರೆಯ ಹಾಸಿಗೆಯಲ್ಲೂ ನಾನು ಅವನ ಸೊಂಟದ ಕೆಳಗೇ ಇದ್ದೆ. ಅವನು ನನ್ನನ್ನು ಸವರಿ, "ಸುಮ್‌ಸುಮ್ನ ಇದಕ್ಕ ಬೈದೆ ನೋಡು" ಎಂದ. ಆಮೇಲೆ ತಮ್ಮನ ಕೈ ಹಿಡಿದ. "ನೀನರ ತೋರ್ಸಕೋಪಾ, ಅಂದಾನಿ." ಅಂದಾನಪ್ಪ ಅಳುತ್ತಾ ಹೂಂ ಎಂದ. ಹದಿನೈದು ದಿನಕ್ಕೆ ದ್ಯಾಮಣ್ಣ ತೀರಿಕೊಂಡ.

ಅಣ್ಣನ ನೆನಪಿಗೆಂದು ಅಂದಾನಪ್ಪ ನನ್ನನ್ನು ಒಯ್ದ. ಈಗ ಅವನಿಗೆ ಐವತ್ತು. ನನ್ನ ಹೊಲಿಗೆ ಬಿಚ್ಚಿದೆ, ಹತ್ತಿ ಗಂಟುಗಂಟಾಗಿದೆ. ಮೊನ್ನೆ ಅದೇ ಡಾಕ್ಟರಮ್ಮ ಮತ್ತೆ ಬಂದಿದ್ದಳು. ಅಂದಾನಪ್ಪ ಕಣ್ಣು ತೋರಿಸಿದ, ಬಿಪಿ ತೋರಿಸಿದ, ಬಂದು ನನ್ನ ಮೇಲೆ ಕೂತ. ರಕ್ತ ಕೊಡಲಿಲ್ಲ. ಅಯ್ಯೋ ಮಾರಾಯ, ನನಗೊಂದು ಬಾಯಿ ಇದ್ದಿದ್ದರೆ!

ನಿನ್ನೆ ನರಗುಂದದ ದಾರಿಯಲ್ಲಿ ಅವನು ಎರಡು ಸಲ ಬಸ್ಸು ನಿಲ್ಲಿಸಿ ಇಳಿದ. ತಿರುಗಿ ಬಂದು ಸೊಂಟ ಹಿಡಿದುಕೊಂಡು ನಿಂತ. ನನ್ನನ್ನು ಎತ್ತಿ ಎರಡು ಸಲ ಬಡಿದ.

"ಅಣ್ಣ ಹೇಳಿದ್ದು ಖರೇನ ಇತ್ತು" ಎಂದ. "ಈ ದಿಂಬು ಸರಿ ಇಲ್ಲ."